ನಳಕ್ಕಿಂತ ಕೆಳಗಿನ ನೀರು

ಶಹಾಪುರದ ಜಗದೇವಪ್ಪನವರ ಹತ್ತಿ ಗೋದಾಮಿಗೆ ಒಮ್ಮೆ ಬೆಂಕಿ ಬಿದ್ದು, ಅಲ್ಲಿ ಕೂಲಿಗೆ ಬರುವ ದೇವಕಮ್ಮನ ಮುಂಗೈ ಸುಟ್ಟಿತ್ತು. ಆಮೇಲೆ ಎಚ್ಚೆತ್ತು, ಛಾವಣಿಗೆ ಸ್ಪ್ರಿಂಕ್ಲರ್ ಹಾಕಿಸಲು ಯಾದಗಿರಿಯಿಂದ ನನ್ನನ್ನು ಕರೆಸಿದರು. ಬೆಂಕಿಯ ಕಾವು ತಾಗಿದರೆ ತಾನಾಗಿ ಬಾಯಿ ತೆರೆದು ನೀರು ಸುರಿಸುವ ಕೊಳವೆಗಳವು. ಕೊಳವೆ ಯಾರು ಬೇಕಾದರೂ ಕೂಡಿಸುತ್ತಾರೆ. ನೀರು ಎಲ್ಲಿಂದ ತರುವುದು ಎಂಬುದೇ ತಲೆನೋವು.

ಊರಿನ ನಳಕ್ಕೇ ಜೋಡಿಸಿಬಿಡಿ ಎಂದರು ಜಗದೇವಪ್ಪ. ನಳಕ್ಕೆ ನೀರು ಬಿಡುವ ದಿನ ನೋಡಿಕೊಂಡೇ ಬೆಂಕಿ ಬೀಳುತ್ತದೆಯೇ ಎಂದು ಕೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ಬೋರ್‌ವೆಲ್ಲು ಬೇಸಿಗೆಯಲ್ಲಿ ಬರೀ ಗಾಳಿ ಉಗುಳುತ್ತದೆ. ಕಾಲುವೆಯೂ ಆಗ ಒಣಗಿರುತ್ತದೆ. ಕೊನೆಗೆ ಬೆಂಕಿಗೆಂದೇ ದೊಡ್ಡದೊಂದು ಟ್ಯಾಂಕು ಕಟ್ಟಿಸಿ, ಕರೆಂಟು ಹೋದರೂ ನಡೆಯಲೆಂದು ಡೀಸೆಲ್ ಪಂಪು ಕೂಡಿಸಿದೆವು. ಬೋರಿನಲ್ಲಿ ನೀರಿದ್ದಾಗಲೇ ಟ್ಯಾಂಕು ತುಂಬಿಸಿ, ಮುಚ್ಚಳಕ್ಕೆ ಬೀಗ ಜಡಿದು ಹೋದೆ.

ಮುಂದಿನ ಸಲ ಬಂದು ನೋಡಿದರೆ ಟ್ಯಾಂಕಿನ ತಳ ಕಾಣುತ್ತಿತ್ತು. ಕೀಲಿ, ಗೋದಾಮಿನ ಪಕ್ಕದ ಮನೆಯಲ್ಲೇ ಇರುವ ಜಗದೇವಪ್ಪನವರ ತಾಯಿ ಕಲ್ಯಾಣಮ್ಮನವರ ಸೊಂಟದಲ್ಲಿತ್ತು. ಓಣಿಯವರು ಕೊಡ ಹಿಡಿದು ಬಂದಾಗಲೆಲ್ಲ ಅವರೇ ಬೀಗ ತೆಗೆದುಕೊಟ್ಟಿದ್ದರು. ನನ್ನ ಸಿಟ್ಟು ನೆತ್ತಿಗೇರಿತು, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನನ್ನ ಮನಿ ತುಂಬಿಸ್ಕೊಂಡ ದಿನ ನಮ್ಮತ್ತಿ ಒಂದೇ ಮಾತು ಹೇಳಿದ್ರಪ್ಪ. ನೀರು ಕೇಳಾಕ ಬಂದವ್ರಿಗಿ ಇಲ್ಲ ಅನಬ್ಯಾಡ ಅಂತ. ಇಲ್ಲಿತನಕ ಅಂದಿಲ್ಲ. ನೀ ಏನರೆ ಮಾಡು, ನನ್ನ ಬಾಯಾಗ ಆ ಮಾತು ಬರಸಬ್ಯಾಡ.”

ಇಂಥವರ ಮುಂದೆ ಬೀಗದ ಆಟ ನಡೆಯುತ್ತದೆಯೇ? ಸಿಟ್ಟಿನಲ್ಲೇ ಟ್ಯಾಂಕಿನ ಸುತ್ತ ಓಡಾಡಿದೆ. ಆಮೇಲೆ ಅದರ ಗೋಡೆಯ ಮೇಲ್ಭಾಗದಲ್ಲಿ ತೂತು ಕೊರೆಸಿ, ಗೇಟಿನ ಹೊರಗೊಂದು ನಳ ಕೊಟ್ಟು, ಟ್ಯಾಂಕನ್ನು ಬೋರಿನಿಂದ ಮತ್ತೆ ತುಂಬಿಸಿದೆ. ನೀರು ಆ ತೂತಿಗಿಂತ ಕೆಳಗಿಳಿದರೆ ನಳ ತಾನೇ ನಿಲ್ಲುತ್ತದೆ. ಕೆಳಗೆ ಉಳಿದದ್ದು ಬೆಂಕಿಯ ಪಾಲು. ಮುಚ್ಚಳದ ಕೀಲಿಯನ್ನು ಮಾತ್ರ ಅವರ ಸೊಂಟದಿಂದ ಬಿಡಿಸಲು ನನಗಾಗಲೀ ಮಗನಿಗಾಗಲೀ ಸಾಧ್ಯವಾಗಲಿಲ್ಲ.

ಬೇಸಿಗೆಯಲ್ಲಿ ನಾನು ಪಂಪು ನೋಡಲು ಹೋದ ದಿನ ನಳ ನಿಂತಿತ್ತು. ದೇವಕಮ್ಮ ಖಾಲಿ ಕೊಡ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಒಳಗೆ ಇನ್ನೂ ನೀರಿದೆಯೆಂದು ಅವಳಿಗೆ ಗೊತ್ತು, ಮುಚ್ಚಳ ತೆಗೆದುಕೊಡಿ ಎಂದು ಕೇಳಿದಳು. ಕಲ್ಯಾಣಮ್ಮ ಕೀಲಿ ಕೈಯಲ್ಲಿ ಹಿಡಿದು, ಅವಳ ಮುಂಗೈಯ ಕಲೆಯನ್ನೇ ನೋಡುತ್ತ ನಿಂತರು.

“ಇಲ್ಲವ್ವಾ,” ಅಂದರು.

ಅಂದವರೇ ಮನೆಯೊಳಗೆ ಹೋಗಿ, ತಮಗೆ ಕುಡಿಯಲು ತುಂಬಿಟ್ಟಿದ್ದ ನೀರನ್ನು ಅವಳ ಕೊಡಕ್ಕೆ ಸುರಿದು ಕಳಿಸಿದರು. ಆಮೇಲೆ ಹೊಸ್ತಿಲಲ್ಲಿ ಕೂತು ಅತ್ತರು. ಅಂಥ ಮುದುಕಿಯನ್ನು ಅಳಿಸಿದೆನಲ್ಲ ಎಂದುಕೊಳ್ಳುತ್ತ ಪಂಪಿನ ಕಡೆ ನಡೆದೆ.

ಆ ಬೇಸಿಗೆ ಮುಗಿಯುವ ಮುನ್ನವೇ ಗೋದಾಮಿನಲ್ಲಿ ಮತ್ತೆ ಕಿಡಿ ಹಾರಿತು. ಫೋನು ಬಂದು ನಾನು ತಲುಪುವಷ್ಟರಲ್ಲಿ ಬೆಂಕಿ ಆರಿತ್ತು, ಹತ್ತಿ ನೆನೆದು ಮುದ್ದೆಯಾಗಿತ್ತು. ಬಾಗಿಲಿಂದ ದೂರದ ಮೂಲೆಯಲ್ಲಿ ಕೆಲಸಕ್ಕಿದ್ದ ದೇವಕಮ್ಮ, ಅಡಿಯಿಂದ ಮುಡಿಯವರೆಗೆ ತೊಯ್ದು ಕಟ್ಟೆಯ ಮೇಲೆ ನಡುಗುತ್ತ ಕೂತಿದ್ದಳು. ಮೈಮೇಲೆ ಒಂದೂ ಹೊಸ ಸುಟ್ಟ ಗಾಯವಿರಲಿಲ್ಲ. ಕಲ್ಯಾಣಮ್ಮ ಸೆರಗಿನಿಂದ ಅವಳ ತಲೆ ಒರೆಸುತ್ತಿದ್ದರು.

“ಅವತ್ತು ನಿನಗ ಇಲ್ಲ ಅಂದಿದ್ನಲ್ಲ, ಇದೇ ನೀರು ನೋಡವಾ.”

ದೇವಕಮ್ಮ ಅವರ ಕೈ ಹಿಡಿದುಕೊಂಡಳು.

“ನನಗೇ ಅಂತ ಇಟ್ಟಿದ್ರಲ್ಲರಿ, ಅಮ್ಮಾರ.”