ಜಪಾನಮ್ಮನ ಚೀಲದಲ್ಲಿದ್ದ ತುಂಡು

ಗಂಗಲಕ್ಷ್ಮಮ್ಮನ ಅನುಮಾನ ಹುಟ್ಟಿನಿಂದ ಬಂದದ್ದಲ್ಲ, ಮದುವೆಯಾದ ಮೇಲೆ ಅಂಟಿಕೊಂಡದ್ದು. ಚನ್ನಪಟ್ಟಣದ ಬೊಂಬೆ ಮಾಡುವವರ ಬೀದಿಯಲ್ಲಿ ಅವಳ ಗಂಡ ರಾಮಲಿಂಗಯ್ಯನದು ಮನೆಗೆ ಸೇರಿದ ಹಾಗೇ ಎರಡು ಲೇತಿನ ಸಣ್ಣ ಕಾರ್ಖಾನೆ. ಒಂದರ ಮುಂದೆ ಅವನು, ಇನ್ನೊಂದರ ಮುಂದೆ ಅವಳು. ಹಿಂದೊಮ್ಮೆ ಯಾವನೋ ವ್ಯಾಪಾರಿ, ನಾಳೆ ಬಂದು ಒಯ್ಯುತ್ತೇನೆ ಎಂದು ಒಂದು ಗೋಣಿಚೀಲ ಇಟ್ಟು ಹೋದ. ನಾಳೆ ಬಂದವರು ಫಾರೆಸ್ಟಿನವರು. ಚೀಲದಲ್ಲಿ ಗಂಧದ ತುಂಡುಗಳಿದ್ದವು. ವ್ಯಾಪಾರಿ ಎತ್ತ ಹೋದನೋ ದೇವರಿಗೇ ಗೊತ್ತು, ರಾಮಲಿಂಗಯ್ಯ ಮಾತ್ರ ಜೈಲಿಗೆ ಹೋದ. ರಾಮನಗರದ ಕೋರ್ಟಿಗೆ ಅಲೆದು ಅಲೆದು ಅವಳು ಅವನನ್ನು ಬಿಡಿಸಿಕೊಂಡು ಬಂದಾಗ ಲೇತುಗಳಿಗೆ ತುಕ್ಕು ಹಿಡಿದಿತ್ತು. ಇನ್ನೊಂದು ಸಲ ಇಂಥದ್ದು ಸಿಕ್ಕರೆ ನೀನು ಹೊರಗೆ ಬರುವುದನ್ನು ಮರೆತುಬಿಡು ಎಂದು ಫಾರೆಸ್ಟಿನವರು ಅವನಿಗೆ ಹೇಳಿ ಕಳಿಸಿದ್ದರು. ಅಂದಿನಿಂದ ಆ ಮನೆಯೊಳಕ್ಕೆ ಬೊಂಬೆಗೆ ಬಳಸುವ ಆಲೆ ಮರದ ಹೊರತು ಬೇರೆ ಮರದ ಒಂದು ಚಕ್ಕೆಯೂ ಬರುವ ಹಾಗಿರಲಿಲ್ಲ.

ಇಂಥ ಮನೆಗೆ ಕಿಯೊಕೊ ಬಂದಳು. ಜಪಾನಿನವಳು, ನಲವತ್ತರ ಆಸುಪಾಸು, ತನ್ನ ದೇಶದಲ್ಲಿ ಮಕ್ಕಳ ಆಟಿಕೆ ಮಾಡುವವಳು. ಅರಗಿನ ಬಣ್ಣದ ಕೆಲಸ ಕಲಿಯಲಿ ಎಂದು ಬೆಂಗಳೂರಿನ ಒಂದು ಕರಕುಶಲ ಸಂಸ್ಥೆಯವರು ಕಳಿಸಿದ್ದರು. ಶ್ರಾವಣ ಹುಟ್ಟಿದ ದಿನವೇ ಬಂದು ಹಿಂದಿನ ಕೋಣೆಯಲ್ಲಿ ಚೀಲ ಇಳಿಸಿದಳು. ಬೆಂಗಳೂರಿನಲ್ಲಿ ಒಂದು ವರ್ಷ ಇದ್ದು ಕನ್ನಡ ಅಷ್ಟಿಷ್ಟು ಕಲಿತಿದ್ದಳು. ಒಂದೊಂದು ಮಾತನ್ನೂ ಮೊಟ್ಟೆ ಎತ್ತಿಡುವ ಹಾಗೆ ಜೋಪಾನವಾಗಿ ಆಡುತ್ತಿದ್ದಳು. ಬೀದಿಯವರು ಅವಳಿಗೆ ಜಪಾನಮ್ಮ ಎಂದು ಹೆಸರಿಟ್ಟರು. ಕೆಲಸದಲ್ಲಿ ಚುರುಕು, ಊಟದಲ್ಲಿ ತಕರಾರಿಲ್ಲ, ಮುದ್ದೆ ಮುರಿದು ನುಂಗುವುದನ್ನೂ ಕಲಿತುಬಿಟ್ಟಳು. ಗಂಗಲಕ್ಷ್ಮಮ್ಮನಿಗೆ ಅವಳ ಮೇಲೆ ಅಕ್ಕರೆ ಬಂದಿತ್ತು ಅನ್ನಿ. ಆದರೆ ಬೆಳಿಗ್ಗೆ ಮುಚ್ಚಿರುವ ಆ ಕೋಣೆಯ ಬಾಗಿಲಿತ್ತಲ್ಲ, ಅದೊಂದು ಅವಳಿಗೆ ಸರಿಹೋಗಲಿಲ್ಲ.

ಬಾಗಿಲ ಹಿಂದೆ ದಿನಾ ಸರ್, ಸರ್ ಎಂದು ಸದ್ದು. ಬಡಗಿಗಳು ಹಲಗೆ ನುಣುಪು ಮಾಡುವ ತೋಪಡದ ಸದ್ದು. ಲೇತಿನ ಮನೆಯವಳಿಗೆ ಅದು ತಿಳಿಯದೆ ಇರುತ್ತದೆಯೇ? ಸದ್ದು ನಿಂತ ಮೇಲೆ ಕಿಯೊಕೊ ಬಿಸಿನೀರು ಕೇಳಿ ಒಯ್ಯುವಳು. ಆಮೇಲೆ ಕಿಟಕಿಯ ಹತ್ತಿರ ನಿಂತು, ಕಣ್ಣು ಮುಚ್ಚಿ, ಲೋಟದಲ್ಲಿದ್ದ ಹೊಂಬಣ್ಣದ ನೀರನ್ನು ಗುಟುಕು ಗುಟುಕಾಗಿ ಕುಡಿಯುವಳು. ಟೀ ಅಲ್ಲ, ಕಾಫಿ ಅಲ್ಲ. ಕೇಳಿದರೆ ನಕ್ಕು, ‘ಆರೋಗ್ಯಕ್ಕೆ, ಅಕ್ಕ’ ಅನ್ನುವಳು, ಲೋಟವನ್ನು ತಾನೇ ತೊಳೆದಿಡುವಳು. ಬಂದ ನೆಂಟರು ಲೋಟ ತೊಳೆದಿಟ್ಟದ್ದನ್ನು ಗಂಗಲಕ್ಷ್ಮಮ್ಮ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಒಂದು ದಿನ ಕಸ ಗುಡಿಸುವಾಗ ಆ ಕೋಣೆಯ ಹೊಸ್ತಿಲಲ್ಲಿ ತೆಳ್ಳಗಿನ ಒಂದು ಸುರುಳಿ ಸಿಕ್ಕಿತು. ನಸುಗೆಂಪು, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತೆಳು. ಸೆರಗಿನ ತುದಿಗೆ ಕಟ್ಟಿಕೊಂಡು ಗಂಡನ ಮುಂದೆ ಬಿಚ್ಚಿದಳು. ರಾಮಲಿಂಗಯ್ಯನಿಗೆ ಮರದ ವಿಷಯದಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬ ಜಂಬ. ಸುರುಳಿಯನ್ನು ಬೆರಳಲ್ಲಿ ಹೊಸಕಿದ, ಮೂಸಿದ, ನಾಲಿಗೆಗೆ ಮುಟ್ಟಿಸಲೂ ಹೋಗಿ ಸುಮ್ಮನಾದ.

‘ಆಲೆ ಅಲ್ಲ, ಬೀಟೆ ಅಲ್ಲ, ಹೊನ್ನೆನೂ ಅಲ್ಲ. ಹೊಗೆ ವಾಸ್ನೆ ಹೊಡೀತದೆ,’ ಅಂದ. ‘ಮರದ ವಾಸ್ನೆ ಗೊತ್ತಾಗಬಾರ್ದು ಅಂತ ಹೊಗೆ ಹಾಕವ್ರೆ.’

ಪಕ್ಕದ ಮನೆಯ ಜೈನಬ್ ಗೋಡೆಯ ಮೇಲಿಂದ ಇಣುಕಿ, ಉಪ್ಪು ಖಾರ ಸೇರಿಸಿದಳು. ‘ಗಂಗಕ್ಕ, ಟೀವೀಲಿ ತೋರಿಸಿದ್ರು ನೋಡ್ಲಿಲ್ವಾ? ರಕ್ತಚಂದನ ಕದ್ದು ಎಲ್ಲಿಗೆ ಸಾಗಿಸ್ತಾರೆ ಗೊತ್ತಾ? ಚೀನಾಕ್ಕೆ, ಜಪಾನಿಗೆ. ಅದನ್ನ ನೀರಲ್ಲಿ ನೆನೆಹಾಕಿ ಕುಡೀತಾರಂತೆ. ವಯಸ್ಸೇ ಆಗಲ್ವಂತೆ.’

ಕಿಯೊಕೊಳ ಮುಖದಲ್ಲಿ ಒಂದೂ ಸುಕ್ಕಿರಲಿಲ್ಲ.

ಮಾರನೆಯ ದಿನ ಕಿಯೊಕೊ ಸ್ನಾನಕ್ಕೆ ಹೋದಾಗ ಪೊರಕೆ ಹಿಡಿದು ಕೋಣೆಗೆ ನುಗ್ಗಿದಳು. ಗುಡಿಸುವುದಕ್ಕೆ ಹೋದೆ ಎಂದು ತನಗೆ ತಾನೇ ಹೇಳಿಕೊಂಡಳು, ಅದು ಬೇರೆ ಮಾತು. ಚೀಲದ ಬಾಯಿ ಅರ್ಧ ತೆರೆದಿತ್ತು. ಒಳಗೊಂದು ಮರದ ಡಬ್ಬಿ, ಅದರ ಮೇಲ್ಗಡೆ ತೋಪಡವನ್ನು ಮಗುಚಿ ಕೂರಿಸಿದ ಹಾಗೆ ಅಲಗು. ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ತುಂಡು. ಗೇಣುದ್ದ, ದೋಣಿಯ ಹಾಗೆ ಒಸಿ ಬಾಗಿದ್ದು, ಹೊರಗೆ ಬೂದಿ ಬಳಿದ ಕಂದು, ಹೆರೆದ ತುದಿಯಲ್ಲಿ ರಕ್ತದ ಕೆಂಪು. ಉಗುರಿನಿಂದ ಕುಟ್ಟಿದಳು. ಗಟ್ಟಿ ಮರದ ಸದ್ದು, ಟಣ್ ಎಂದಿತು. ವರ್ಷಗಟ್ಟಲೆ ಅರಗಿನ ಹೊಗೆ ಕುಡಿದ ಅವಳ ಮೂಗಿಗೆ ಬೇರೆ ಯಾವ ವಾಸನೆಯೂ ಹತ್ತಲಿಲ್ಲ. ನೀರಿನ ಸದ್ದು ನಿಂತಿತು. ತುಂಡನ್ನು ಇದ್ದ ಹಾಗೇ ಇಟ್ಟು ಓಡಿ ಬಂದಳು.

‘ಕೇಳೇಬುಡ್ತೀನಿ,’ ಅಂದಳು ಗಂಡನಿಗೆ.

‘ಕೇಳೀಯ ಜೋಕೆ,’ ಅಂದ ರಾಮಲಿಂಗಯ್ಯ. ‘ಕೇಳಿದ್ರೆ ಅವ್ಳು ಹೇಳ್ತಾಳೆ. ಹೇಳಿದ್ರೆ ನಮಗೆ ಗೊತ್ತಿದ್ದಂಗಾಯ್ತು. ನಾಳೆ ಕೋರ್ಟಲ್ಲಿ ಗೊತ್ತಿಲ್ಲ ಅಂತ ಆಣೆ ಮಾಡೋಕಾದ್ರೂ ಬಾಯಿ ಬೇಡ್ವಾ? ಶ್ರಾವಣ ಕಳೀಲಿ, ಏನಾದ್ರೂ ನೆವ ಹೇಳಿ ಕಳಿಸ್ಬುಡಾನ.’

ಗಂಗಲಕ್ಷ್ಮಮ್ಮ ಬಾಯಿಗೆ ಬೀಗ ಹಾಕಿಕೊಂಡಳು, ಕಣ್ಣಿಗೆ ಹಾಕಲಿಲ್ಲ. ಕಿಯೊಕೊ ಪೋಸ್ಟಾಫೀಸಿಗೆ ಹೊರಟರೆ, ಮರ ಸಾಗಿಸುತ್ತಿದ್ದಾಳೋ ಏನೋ ಎಂದು ಇವಳು ಜಗಲಿಗೆ ಬಂದು ಅವಳ ಕೈಯನ್ನೇ ನೋಡುವಳು. ಅವಳು ಆಲೆ ತುಂಡುಗಳೆರಡನ್ನು ಒಂದಕ್ಕೊಂದು ಬಡಿದು ಕಿವಿಗೊಟ್ಟು ಕೇಳಿದರೆ, ಇದನ್ನೆಲ್ಲ ಇವಳಿಗೆ ಯಾವ ಕಳ್ಳ ಹೇಳಿಕೊಟ್ಟನೋ ಅನ್ನಿಸುವುದು. ಅವಳು ‘ಅಕ್ಕ, ನೀರು’ ಎಂದು ನಗುತ್ತಾ ಬಂದರೆ, ನಗುವುದನ್ನು ನೋಡು ಅನ್ನಿಸುವುದು. ಅನುಮಾನ ಒಳಹೊಕ್ಕ ಮೇಲೆ ಒಳ್ಳೆಯತನವೂ ನಾಟಕದ ಹಾಗೇ ಕಾಣುತ್ತದೆ.

ಆಮೇಲೊಂದು ದಿನ ಮಾಗಡಿ ಕಡೆ ಒಳ್ಳೆ ಆಲೆ ಮರ ಬಂದಿದೆ ಎಂದು ರಾಮಲಿಂಗಯ್ಯ ಹೊರಟ, ಮರ ನೋಡುತ್ತೇನೆ ಎಂದು ಕಿಯೊಕೊ ಅವನ ಜೊತೆ ಹೋದಳು. ಮಧ್ಯಾಹ್ನ ಜೈನಬ್ ಏದುಸಿರು ಬಿಡುತ್ತಾ ಬಂದಳು.

‘ಗಂಗಕ್ಕ, ಫಾರೆಸ್ಟ್‌ನೋರ ಜೀಪು ಬಂದೈತೆ. ಬೀದಿ ತುದೀಲಿದ್ದಾರೆ. ಒಂದೊಂದೇ ಕಾರ್ಖಾನೆ ನೋಡ್ಕೊಂಡು ಬರ್ತಾವ್ರೆ.’

ಗಂಗಲಕ್ಷ್ಮಮ್ಮ ಏನನ್ನೂ ಯೋಚಿಸಲಿಲ್ಲ. ಯೋಚಿಸುವುದಕ್ಕೆ ಗಂಡ ಜೈಲಿನ ಕಂಬಿ ಹಿಡಿದು ನಿಂತಿದ್ದ ಚಿತ್ರ ಬಿಡಬೇಕಲ್ಲ. ಕೋಣೆಯ ಬಾಗಿಲು ತಳ್ಳಿದಳು, ಚೀಲ ಬಿಚ್ಚಿದಳು, ತುಂಡನ್ನು ಸೆರಗಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ಹಂಡೆ ಒಲೆಯಲ್ಲಿ ಬೆಳಗಿನ ಕೆಂಡ ಇನ್ನೂ ಇತ್ತು. ತುಂಡನ್ನು ಅದರೊಳಕ್ಕೆ ತುರುಕಿ, ಮೇಲೆ ಒಣಗಿದ ತೆಂಗಿನ ಗರಿ ಒಟ್ಟಿ, ಊದುಗೊಳವೆಯಲ್ಲಿ ಕಣ್ಣು ಕೆಂಪಾಗುವವರೆಗೆ ಊದಿದಳು.

ಮೊದಲು ಹೊಗೆ ಬಂತು. ಆಮೇಲೆ ಹೊಗೆಯ ಹಿಂದಿನಿಂದ ಇನ್ನೊಂದು ಬಂತು, ಅರಗು ತಿಂದ ಮೂಗನ್ನೂ ಸೀಳಿಕೊಂಡು. ಮೀನಿನ ವಾಸನೆ. ಸುಟ್ಟ ಒಣಮೀನಿನದು, ಅನುಮಾನವೇ ಬೇಡ, ಮೀನಿನದೇ. ಅವಳು ಊದುಗೊಳವೆ ಹಿಡಿದವಳು ಹಿಡಿದ ಹಾಗೇ ಕೂತುಬಿಟ್ಟಳು. ಬಚ್ಚಲ ಗೋಡೆಯ ಮೇಲೆ ಒಂದು ಬೆಕ್ಕು ಬಂದು ಕೂತಿತು. ಅದರ ಹಿಂದೆ ಬೀದಿಯ ಉಳಿದ ಬೆಕ್ಕುಗಳೂ ಬಂದವು.

‘ಏನ್ ಗಂಗಕ್ಕ,’ ಜೈನಬ್ ಮೂಗು ಅರಳಿಸಿದಳು, ‘ಶ್ರಾವಣದಲ್ಲಿ ಮೀನು ಸುಡ್ತಾ ಕೂತಿದೀಯ?’

ಫಾರೆಸ್ಟಿನವರು ಬಂದರು, ಕಾರ್ಖಾನೆ ನೋಡಿದರು, ಆಲೆ ತುಂಡುಗಳನ್ನು ಕಾಲಲ್ಲಿ ಸರಿಸಿದರು. ಅವರಲ್ಲೊಬ್ಬ ಹೋಗುವಾಗ, ‘ಊಟದ ಹೊತ್ಗೆ ಬಂದ್ಬುಟ್ವಿ, ಒಳ್ಳೆ ಮೀನು ಸಾರು ಕಣಮ್ಮ’ ಎಂದು ನಕ್ಕ. ಜೀಪು ಹೋಯಿತು. ಗಂಡ ಉಳಿದ. ಅವಳು ಕೈಮುಗಿದು ಸಂತೋಷಪಡಬೇಕಿತ್ತು. ಆದರೆ ಮತ್ತೆ ಬಚ್ಚಲಿಗೆ ಹೋಗಿ ಒಲೆಯ ಮುಂದೆ ಕೂತಳು.

ಸಂಜೆ ಅವರಿಬ್ಬರೂ ಬಸ್ಸಿಳಿದು ಬಂದಾಗ, ಕಿಯೊಕೊ ಬೀದಿಯ ತಿರುವಿನಲ್ಲೇ ವಾಸನೆ ಹತ್ತಿ ನಿಂತುಬಿಟ್ಟಳಂತೆ. ಆಮೇಲೆ ಓಡಿದಳಂತೆ. ನೇರ ಬಚ್ಚಲಿಗೇ ಬಂದಳು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಬೂದಿ ಕೆದಕಿ, ಇದ್ದಿಲಾಗಿದ್ದ ಗಂಟೊಂದನ್ನು ಹೊರಗೆಳೆದು ಅಂಗೈ ಮೇಲೆ ಇಟ್ಟುಕೊಂಡಳು. ಬಿಸಿ ಇತ್ತು, ಆದರೂ ಬಿಡಲಿಲ್ಲ. ಗಂಗಲಕ್ಷ್ಮಮ್ಮ ಬೈಗುಳಕ್ಕೆ ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಿಯೊಕೊ ಎದ್ದು, ಸೊಂಟ ಬಗ್ಗಿಸಿ, ತಲೆ ಮೊಣಕಾಲಿಗೆ ತಾಗುವ ಹಾಗೆ ಬಾಗಿದಳು.

‘ನಾನು ತಪ್ಪು ಮಾಡಿದೆ, ಅಕ್ಕ. ನಿಮ್ಮ ಮನೆಗೆ ಮೀನು ತಂದೆ. ಹೇಳಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಕೊಟ್ಟವರು ಹೇಳಿದರು, ಮೀನು ತಂದರೆ ಮನೆ ಖಾಲಿ ಮಾಡು. ಇಲ್ಲಿಯೂ ಯಾರೂ ಮೀನು ಬೇಯಿಸಲಿಲ್ಲ. ಭಯವಾಯಿತು. ಬಾಗಿಲು ಹಾಕಿಕೊಂಡೆ. ಕ್ಷಮಿಸಿ.’

ಆಮೇಲೆ ಜಗಲಿಯಲ್ಲಿ ಕೂತು, ಇರುವಷ್ಟು ಕನ್ನಡದಲ್ಲಿ, ಇಲ್ಲದ ಕಡೆ ಕೈಯಲ್ಲಿ, ಹೇಳಿದಳು. ಅವಳ ಊರು ಪೆಸಿಫಿಕ್ ಸಮುದ್ರದ ದಂಡೆಯಲ್ಲಿದೆ. ಬೇಸಿಗೆ ಬಂತೆಂದರೆ ಕಾತ್ಸುವೊ ಮೀನು ಹಿಂಡು ಹಿಂಡಾಗಿ ಬರುತ್ತದೆ. ಗಂಡಸರು ದೋಣಿಯ ಅಂಚಿನಲ್ಲಿ ಸಾಲಾಗಿ ನಿಂತು ಬಿದಿರ ಗಣೆಯಲ್ಲಿ ಗಾಳ ಹಾಕಿ, ಸಿಕ್ಕ ಮೀನನ್ನು ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾರೆ. ಮಳೆ ಬಿದ್ದ ಹಾಗೆ ಮೀನು ಬೀಳುತ್ತದೆ. ಹೆಂಗಸರು ಬೇಯಿಸಿದ ಮೀನಿನ ಮುಳ್ಳು ಆರಿಸುತ್ತಾರೆ. ಅವಳ ಅಪ್ಪನದು ಹೊಗೆಮನೆ. ಮೀನಿಗೆ ವಾರಗಟ್ಟಲೆ ಸೌದೆ ಹೊಗೆ ಕೊಟ್ಟು, ಬಿಸಿಲಿಗಿಟ್ಟು, ಬೂಷ್ಟು ಹಿಡಿಸಿ, ಮತ್ತೆ ಬಿಸಿಲಿಗಿಟ್ಟು, ಮರಕ್ಕಿಂತ ಗಟ್ಟಿ ಮಾಡುತ್ತಿದ್ದ. ಎರಡು ತುಂಡು ಬಡಿದು ಸದ್ದು ಕೇಳಿಯೇ ಒಳ್ಳೆಯದು ಯಾವುದು ಎಂದು ಹೇಳುತ್ತಿದ್ದ. ಕಳೆದ ಚಳಿಗಾಲದಲ್ಲಿ ಹೋಗಿಬಿಟ್ಟ. ಹೊಗೆಮನೆ ಮುಚ್ಚಿತು. ಅವನ ಕೈಯಲ್ಲಿ ಆದದ್ದರಲ್ಲಿ ಉಳಿದದ್ದು ಅದೊಂದೇ.

‘ದಿನಕ್ಕೆ ಸ್ವಲ್ಪ ತೆಗೆದು ನೀರಿಗೆ ಹಾಕುತ್ತಿದ್ದೆ,’ ಅಂದಳು. ‘ಅಪ್ಪನ ಮನೆ ವಾಸನೆ ಬರುತ್ತದೆ.’

ತಪ್ಪಿಸಿಕೊಳ್ಳುವ ಒಳ್ಳೆಯ ದಾರಿ ತಾನಾಗಿ ತೆರೆದಿತ್ತು, ಪಾಪ, ರಾಮಲಿಂಗಯ್ಯ ಅದರಲ್ಲಿ ಕಾಲಿಟ್ಟ. ‘ಹೂಂ ಕಣಮ್ಮ, ಶ್ರಾವಣ ನೋಡು. ಮನೇಲಿ ಮೀನು ಇರಂಗಿಲ್ಲ. ಅದ್ಕೇಯ ನಮ್ಮವಳು...’

‘ಸುಮ್ಕಿರಿ,’ ಅಂದಳು ಗಂಗಲಕ್ಷ್ಮಮ್ಮ.

ಅವನು ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಹೌದು ಅಂದುಬಿಟ್ಟರೆ ಮುಗಿದಿತ್ತು. ಕಿಯೊಕೊ ಮತ್ತೊಮ್ಮೆ ಬಾಗುತ್ತಿದ್ದಳು, ಇವರು ಕ್ಷಮಿಸುತ್ತಿದ್ದರು, ನಾಳೆ ಲೇತು ತಿರುಗುತ್ತಿತ್ತು. ಆದರೆ ಅವಳು ಇನ್ನೊಂದು ಸಲ ಬಾಗುವುದನ್ನು ನೋಡುವ ಶಕ್ತಿ ಗಂಗಲಕ್ಷ್ಮಮ್ಮನಿಗೆ ಇರಲಿಲ್ಲ.

‘ನಾವು ಮೀನು ತಿನ್ನೋ ಜನವೇ ಕಣವ್ವ. ಶ್ರಾವಣ ಕಳೆದ್ರೆ ವಾರಾ ವಾರಾ ತಿಂತೀವಿ. ಅದು ಮೀನು ಅಂತ ನನಗೆ ಗೊತ್ತೇ ಇರಲಿಲ್ಲ. ಕದ್ದ ಮರ ಅಂದ್ಕಂಡೆ. ನಿನ್ನ ಕಳ್ಳಿ ಅಂದ್ಕಂಡ್ಬುಟ್ಟೆ.’

ಕಿಯೊಕೊ ಆ ಮಾತನ್ನು ತುಟಿಯಲ್ಲೇ ಹೇಳಿ ನೋಡಿದಳು. ‘ಕಳ್ಳಿ. ಈ ಮಾತು ನನಗೆ ಬರುವುದಿಲ್ಲ. ಹಾಗೆಂದರೆ ಏನು, ಅಕ್ಕ?’

ರಾಮಲಿಂಗಯ್ಯ ಎದ್ದು ಕಾರ್ಖಾನೆಯೊಳಕ್ಕೆ ಹೋಗಿಬಿಟ್ಟ. ಗಂಗಲಕ್ಷ್ಮಮ್ಮ ಹಿಂದಿನ ಕೋಣೆಯ ಬಾಗಿಲ ಕಡೆ ನೋಡಿದಳು.

‘ಯಾರೂ ಇಲ್ದಾಗ ಇನ್ನೊಬ್ರ ಕೋಣೆಗೆ ಹೋಗ್ತಾಳಲ್ಲ,’ ಅಂದಳು. ‘ಅವರ ಚೀಲ ಬಿಚ್ಚಿ, ಅವರದ್ದನ್ನ ಎತ್ಕಂಡು ಹೋಗ್ತಾಳಲ್ಲ. ಅವಳು.’

ಕಿಯೊಕೊ ಅರ್ಥ ಮಾಡಿಕೊಳ್ಳಲು ಹಣೆ ಗಂಟಿಕ್ಕಿದಳು. ಆಮೇಲೆ ತಲೆಯಾಡಿಸಿದಳು. ‘ಇಲ್ಲ ಅಕ್ಕ. ನಾನು ಯಾರ ಚೀಲವನ್ನೂ ಬಿಚ್ಚಲಿಲ್ಲ.’

‘ಇಲ್ಲ ಕಣವ್ವ,’ ಅಂದಳು ಗಂಗಲಕ್ಷ್ಮಮ್ಮ. ‘ನೀನು ಬಿಚ್ಚಲಿಲ್ಲ.’