ಗಾಳಿಚಕ್ರ

ಸಣ್ಣಯ್ಯನ ಎದೆಯ ಮೇಲೆ ನೀರು ಸುರಿಯುತ್ತಿದ್ದಂತೆ ಪಕ್ಕದ ಹಿಟ್ಟಿನ ಗಿರಣಿಯ ಸದ್ದು ನಿಂತಿತು. ಕರೆಂಟ್ ಹೋಗಿತ್ತು. ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದವರು ಚೊಂಬು ಹಿಡಿದೇ ಕಾದರು. ಬಯಲಿನಾಚೆ, ಜಾವಗಲ್ ರಸ್ತೆಯ ಕೊಬ್ಬರಿ ಪುಡಿ ಫ್ಯಾಕ್ಟರಿಯಲ್ಲಿ, ಜನರೇಟರ್ ಶುರುವಾಯಿತು.

"ಇವತ್ತು ಯಾರು ಸ್ಟಾರ್ಟ್ ಮಾಡಿದ್ರೋ," ಎಂದ ಗಿಡ್ಡಪ್ಪ, ಸಣ್ಣಯ್ಯನ ಜೊತೆ ಅಲ್ಲೇ ದುಡಿದವನು. "ಇವನ್ ತಂಗಿ ಮದುವೇಲಿ ಧಾರೆ ಹೊತ್ಗೆ ಕರೆಂಟ್ ಹೋಯ್ತು. ಈ ಪುಣ್ಯಾತ್ಮ ತಂಬಿಗೆ ನನ್ ಕೈಗಿಟ್ಟು ಫ್ಯಾಕ್ಟ್ರಿಗೆ ಓಡ್ಬಿಟ್ಟ ಕಣ್ರೀ."

ಒಬ್ಬಿಬ್ಬರು ನಕ್ಕರು. ಹೆಂಡತಿ ಮುತ್ತಮ್ಮ ನಗಲಿಲ್ಲ.

ಫ್ಯಾಕ್ಟರಿ ಮಾಲೀಕ ಕಲ್ಲೇಶಪ್ಪ ಹಾರ ಹಾಕಿ, ಮಗ ಧರ್ಮೇಶನ ಹೆಗಲು ಮುಟ್ಟಿದರು. "ನಿಮ್ಮಪ್ಪ ಹಾಸಿಗೆ ಹಿಡಿದಾಗಿಂದ ಜನರೇಟರ್ ಟರ್ಬೋ ತೊಳೆಯಕ್ಕೆ ಯಾರೂ ಒಪ್ತಿಲ್ಲ. ನೀನು ಕಲ್ತಿದೀಯ. ನಾಳೆಯಿಂದ ಬಂದ್ಬಿಡಪ್ಪ."

"ಅವ್ನು ಬರಲ್ಲ ಸಾವ್ಕಾರ್ರೆ," ಎಂದಳು ಮುತ್ತಮ್ಮ. "ಹಾಸನದಾಗೆ ಪಂಪ್‌ಸೆಟ್ ಅಂಗಡೀಲಿ ಕೆಲ್ಸ ಐತೆ. ಆ ಪುಡಿ ಕುಡಿದು ಇವ್ರ ಎದೆ ಹೋಗಿದ್ದು ಸಾಕು."

ಕಲ್ಲೇಶಪ್ಪ ಧರ್ಮೇಶನ ಮುಖವನ್ನೇ ನೋಡಿದರು. ಅವನು ನೆಲ ನೋಡಿದ.

*

ಎರಡು ವರ್ಷದ ಹಿಂದೆ, ಬುತ್ತಿ ಕೊಡಲು ಹೋದ ಮುತ್ತಮ್ಮ ಜನರೇಟರ್ ಇದ್ದ ಎಂಜಿನ್ ಮನೆಯ ಬಾಗಿಲಲ್ಲೇ ನಿಂತಿದ್ದಳು. ಎಂಜಿನ್ ಪೂರ್ತಿ ಲೋಡಿನಲ್ಲಿ ಓಡುತ್ತಿತ್ತು. ಅದು ಎಳೆದುಕೊಳ್ಳುವ ಗಾಳಿಯ ಜೊತೆ ಕೊಬ್ಬರಿಯ ಜಿಡ್ಡುಪುಡಿಯೂ ಹೋಗಿ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋದ ಚಕ್ರಕ್ಕೆ ಅಂಟುತ್ತಿತ್ತು. ಚಕ್ರ ತಿರುಗುವಾಗಲೇ ನೀರು ಬಿಟ್ಟರೆ ಹನಿಗಳೇ ಬಡಿದು ಆ ಜಿಡ್ಡನ್ನು ಕೀಳುತ್ತಿದ್ದವು.

"ನಿಲ್ಸಿ ತೊಳೀಬಾರ್ದಾ?" ಒಳಗೆ ಅಪ್ಪನ ಪಕ್ಕ ನಿಂತಿದ್ದ ಧರ್ಮೇಶ ಕೇಳಿದ.

"ನಿಂತ್ಮೇಲೆ ಬಿಟ್ರೆ ಸುಮ್ನೆ ಒದ್ದೆ ಆಯ್ತದೆ ಕಣೋ, ಕೊಳೆ ಹೋಗಲ್ಲ." ಸಣ್ಣಯ್ಯ ಕೆಮ್ಮಿ, ಕೊಳಾಯಿಯ ಹಿಡಿಯನ್ನು ಅವನಿಗೆ ಬಿಟ್ಟುಕೊಟ್ಟ. "ಒಂದು ಲೋಟದಷ್ಟೇ. ಜಾಸ್ತಿ ಹೋದ್ರೆ ಚಕ್ರ ಒಡೆದು ಹೊರಕ್ಕೆ ಬತ್ತದೆ. ಎದುರಿಗಿರೋನು ನೀನು."

ಮಗ ಹಿಡಿ ತಿರುಗಿಸಿದ. ಎಂಜಿನ್ನಿನ ದನಿ ಒಮ್ಮೆ ಕುಗ್ಗಿ, ಹಗುರಾಗಿ ಮೇಲೆದ್ದಿತು. ಅವನ ಮುಖ ಅರಳಿದ್ದನ್ನು ಕಂಡ ಮುತ್ತಮ್ಮ ಬುತ್ತಿಯನ್ನು ಹೊಸ್ತಿಲಲ್ಲೇ ಇಟ್ಟು ಹೊರಟಳು.

*

ಗುಂಡಿಗೆ ಇಳಿಸಿದ್ದಾಯಿತು.

"ಮೊದಲ ಮಣ್ಣು ನಿಂದು," ಎಂದ ಗಿಡ್ಡಪ್ಪ.

ಧರ್ಮೇಶ ಹಿಡಿ ಮಣ್ಣೆತ್ತಿದ. ಆಗ ಫ್ಯಾಕ್ಟರಿಯ ಕಡೆಯಿಂದ ಕೋವಿ ಹಾರಿದಂಥ ಸದ್ದು ಬಂತು. ಮತ್ತೊಂದು. ಕೊಳೆ ಕಟ್ಟಿದ ಟರ್ಬೋ ಗಾಳಿ ಎಳೆಯಲಾರದೆ ಬೊಗಳುತ್ತಿತ್ತು. ಕಲ್ಲೇಶಪ್ಪ ಕೈಕಟ್ಟಿ ನಿಂತೇ ಇದ್ದರು.

"ಹಾಕೋ ಮಗ," ಎಂದಳು ಮುತ್ತಮ್ಮ.

ಅವನಿಗೆ ಕೇಳಿಸಲಿಲ್ಲ. ಕತ್ತು ಆ ಕಡೆಗೆ ಓರೆಯಾಗಿತ್ತು. ಗುಂಡಿಯ ಮೇಲೆ ಚಾಚಿದ್ದ ಕೈ ತಾನಾಗಿ ಹಿಂದಕ್ಕೆ ಬಂದಿತ್ತು. ಬಿಗಿದ ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಜಾರಿ, ಅವನದೇ ಪಾದಗಳ ಮೇಲೆ ಬೀಳುತ್ತಿತ್ತು.