ಒಂಬತ್ತನೆಯ ಉಲ್ಲೇಖ

"ಒಂಬತ್ತು ತೆಗೆದುಬಿಡಿ," ಎಂದರು ಪ್ರೊಫೆಸರು, ಕನ್ನಡಕವನ್ನು ಹಣೆಗೇರಿಸಿಕೊಂಡು.

ಪ್ರಯೋಗಾಲಯದ ಸಹಾಯಕಿಗೆ ಚೆನ್ನಾಗಿಯೇ ಕೇಳಿಸಿತು. ಆದರೂ ಕೇಳಿಸದವಳಂತೆ ಪಟ್ಟಿಯ ಮೇಲೆ ಬಗ್ಗಿದಳು. ಸಂಶೋಧನಾ ಪತ್ರಿಕೆಯವರ ನಿಯಮ ಖಡಾಖಂಡಿತವಾಗಿತ್ತು: ಲೇಖನದ ಕೊನೆಯಲ್ಲಿ ಉಲ್ಲೇಖಗಳು ನಲವತ್ತು, ಅದರ ಮೇಲೆ ಒಂದೂ ಇಲ್ಲ. ಐವತ್ತಮೂರಿದ್ದದ್ದನ್ನು ಅವಳು ವಾರವಿಡೀ ಕೂತು ಸವರಿ ಸವರಿ ನಲವತ್ತೊಂದಕ್ಕೆ ತಂದಿದ್ದಳು. ಇನ್ನೊಂದು ಹೋಗಬೇಕಿತ್ತು. ಅದು ಒಂಬತ್ತನೆಯದೇ ಆಗುತ್ತದೆಂದು ಅವಳು ಎಣಿಸಿರಲಿಲ್ಲ.

"ಸರ್, ಒಂಬತ್ತು ನಮ್ದು."

"ಗೊತ್ತು."

"ಮೂವತ್ತಮೂರು ತೆಗೀಬಹುದಲ್ವಾ ಸರ್? ನಿಮ್ಮ ಹಳೇ ಲೇಖನ ಅದು. ಈ ವಿಷಯಕ್ಕೂ ಅದಕ್ಕೂ ಅಷ್ಟೇನೂ..."

"ಅದರ ತಂಟೆಗೆ ಹೋಗ್ಬೇಡಿ."

ಪಟ್ಟಿಯಲ್ಲಿ ಪ್ರೊಫೆಸರರ ಸ್ವಂತ ಲೇಖನಗಳೇ ಹನ್ನೊಂದಿದ್ದವು. ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುವುದರಲ್ಲಿ ಅವರದು ಎತ್ತಿದ ಕೈ. ಒಂಬತ್ತನೆಯದಾದರೋ ಇದೇ ಸಂಸ್ಥೆಯ ವಾರ್ಷಿಕ ಸಂಚಿಕೆಯಲ್ಲಿ ಹದಿನಾರು ವರ್ಷದ ಹಿಂದೆ ಅಚ್ಚಾದ ಮೂರು ಪುಟದ ಟಿಪ್ಪಣಿ. ಅದಕ್ಕೆ ಎರಡೇ ಹೆಸರು, ಮೊದಲನೆಯದು ಗಾಜಿನ ಮನೆಯ ಮಾಲಿಯದು, ಎರಡನೆಯದು ಅವಳದು. "ಅಮ್ಮಾ, ಇರುವೆ ಸಾಲು ಹೋದ ಎಲೆ ಮೇಲೆ ಈ ಚಿಟ್ಟೆ ಮೊಟ್ಟೆ ಇಡಲ್ಲ ನೋಡಿ, ಇರುವೆ ಇಲ್ಲದೇ ಇದ್ರೂನೂ," ಎಂದು ಅವಳನ್ನು ಕೈಹಿಡಿದು ಕರೆದೊಯ್ದು ತೋರಿಸಿದ್ದವನು ಅವನು. ಅವಳು ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎರಡು ತಿಂಗಳು ಎಲೆ ತಿರುವಿ ಮೊಟ್ಟೆ ಎಣಿಸಿದಳು. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆಗಿನ ಮುಖ್ಯಸ್ಥರು ನಿವೃತ್ತಿಯ ಅಂಚಿನಲ್ಲಿದ್ದ ಒಳ್ಳೆಯ ಮನುಷ್ಯ. "ಮೊದಲು ನೋಡಿದವನ ಹೆಸರು ಮೊದಲು ಹಾಕು," ಎಂದಿದ್ದರು.

ಈಗ ಪ್ರೊಫೆಸರರ ಈ ದೊಡ್ಡ ಲೇಖನ ನಿಂತಿರುವುದೇ ಆ ಮೂರು ಪುಟದ ಮೇಲೆ.

"ನೋಡಿ," ಎಂದು ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ದನಿ ಮೆತ್ತಗಾಯಿತು. ಅವರ ದನಿ ಮೆತ್ತಗಾದಾಗೆಲ್ಲ ಅವಳಿಗೆ ಭಯ. "ಸಾರಾಂಶದಲ್ಲಿ 'ಮೊಟ್ಟಮೊದಲ ಬಾರಿಗೆ' ಅಂತ ಬರ್ದಿದೀವಿ. ಒಂಬತ್ತು ಅಲ್ಲಿದ್ರೆ ಆ ಮಾತು ನಿಲ್ಲುತ್ತಾ? ಅದಿಲ್ದೆ ಈ ಪತ್ರಿಕೆಯೋರು ನಮ್ಮನ್ನ ಮೂಸಿ ನೋಡ್ತಾರಾ? ನಾಲ್ಕನೇ ಲೇಖಕಿ ಅಂತ ನಿಮ್ಮ ಹೆಸರು ಹಾಕೋಣ ಅಂತಿದೀನಿ. ನಿಮ್ಗೂ ಬಡ್ತಿಗೆ ಬೇಕಲ್ವಾ?"

ಬೇಕಿತ್ತು. ಮಾನ್ಯತೆ ಪಡೆದ ಪತ್ರಿಕೆಯಲ್ಲಿ ಒಂದಾದರೂ ಲೇಖನವಿಲ್ಲದೆ ಅವಳು ಸಹಾಯಕಿಯ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಅವಳ ಕೈಕೆಳಗೇ ಸೂಕ್ಷ್ಮದರ್ಶಕ ಹಿಡಿಯುವುದನ್ನು ಕಲಿತವರು ಈಗ ಅವಳ ರಜೆ ಚೀಟಿಗೆ ಸಹಿ ಹಾಕುತ್ತಿದ್ದರು. ಬಡ್ತಿಗಿದ್ದ ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು. ನಾದಿನಿ ಬಂದಾಗಲೆಲ್ಲ "ಅತ್ತಿಗೆ, ಇನ್ನೂ ಅದೇ ಕೆಲಸಾನಾ?" ಎಂದು ನಗುತ್ತಲೇ ಚುಚ್ಚುವಳು. ಗಂಡ ಪಾಪ, ಹೆಂಡತಿಗೆ ಈ ಸಲ ಬಡ್ತಿ ಗ್ಯಾರಂಟಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

"ಮಾಲಿಯಣ್ಣನ ಹೆಸರು ಸರ್..."

"ಅವ್ರಿಗೆ ಈ ವಯಸ್ಸಲ್ಲಿ ಯಾವ ಬಡ್ತಿ ಬರ್ಬೇಕಾಗಿದೆ?" ಪ್ರೊಫೆಸರು ಎದ್ದರು. "ಸಂಜೆಯೊಳಗೆ ಕಳಿಸ್ಬೇಕು."

ಅವಳು ತನ್ನ ಮೇಜಿಗೆ ಬಂದು ಕೂತಳು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಅದನ್ನು ಪ್ರೊಫೆಸರರ ತಲೆಗೆ ಕಟ್ಟುವ ಹಾಗೂ ಇರಲಿಲ್ಲ, ಅಳಿಸುವ ಕೀಲಿ ಒತ್ತಿದ್ದು ಅವಳದೇ ಬೆರಳು. ಹದಿನಾರು ವರ್ಷ ಒಂದು ಸಾಲಿನಲ್ಲಿದ್ದದ್ದು ರೆಪ್ಪೆ ಬಡಿಯುವುದರೊಳಗೆ ಹೋಯಿತು, ಮೇಲಿನ ಸಾಲೂ ಕೆಳಗಿನ ಸಾಲೂ ಏನೂ ಆಗದವರ ಹಾಗೆ ಹತ್ತಿರ ಸರಿದು ಕೂತವು.

ಆದರೆ ಅಷ್ಟಕ್ಕೇ ಮುಗಿಯುವ ಕೆಲಸವಲ್ಲ ಅದು. ಒಂಬತ್ತು ಹೋದರೆ ಹತ್ತು ಒಂಬತ್ತಾಗಬೇಕು, ಹನ್ನೊಂದು ಹತ್ತಾಗಬೇಕು, ಒಳಗಿನ ವಾಕ್ಯಗಳ ಕೊನೆಯ ಅಂಕಿಗಳೂ ಹಾಗೇ ಇಳಿಯಬೇಕು. ಇದಕ್ಕೆಂದೇ ತಂತ್ರಾಂಶವಿತ್ತು. ಆದರೆ ಪ್ರೊಫೆಸರು ನಾಲ್ಕು ಕಡೆ ನಾಲ್ಕು ತುಂಡು ಬರೆದು ಅಂಟಿಸುತ್ತಿದ್ದರಿಂದ ಅದು ಎಂದೋ ಕೈಚೆಲ್ಲಿತ್ತು. ಅವಳು ಒಂದೊಂದೇ ಅಂಕಿಯನ್ನು ಕೈಯಿಂದ ತಿದ್ದತೊಡಗಿದಳು. ಯಾವಾಗಲೂ ಮುಂದಿನಿಂದಲೇ ಶುರು ಮಾಡಬೇಕು. ಹಿಂದಿನಿಂದ ಹೊರಟರೆ ಎರಡೆರಡು ನಲವತ್ತು, ಎರಡೆರಡು ಮೂವತ್ತೊಂಬತ್ತು ಹುಟ್ಟಿಕೊಂಡು ಯಾರದು ಯಾವುದೆಂದು ಆ ದೇವರಿಗೂ ತಿಳಿಯದಂತಾಗುತ್ತದೆ. ಇದನ್ನು ಹೊಸಬರಿಗೆಲ್ಲ ಹೇಳಿಕೊಟ್ಟವಳು ಅವಳೇ. ಇಂದು ಅವಳೇ ಹಿಂದಿನಿಂದ ಶುರು ಮಾಡಿದ್ದಳು.

"ಅಕ್ಕಾ, ನೀವಾ ಹೀಗ್ ಮಾಡಿದ್ದು?" ಪಕ್ಕದ ಮೇಜಿನ ಸಂಶೋಧನಾ ವಿದ್ಯಾರ್ಥಿನಿ ಇಣುಕಿ ನಕ್ಕಳು. "ನನಗೆ ಇದಕ್ಕೇ ಎಷ್ಟ್ ಬೈದಿದ್ರಿ!"

"ನಿನ್ ಕೆಲಸ ನೋಡ್ಕೋ," ಎಂದು ಸಿಡುಕಿದಳು. ಹುಡುಗಿಯ ಮುಖ ಸಣ್ಣಗಾಯಿತು. ಎಲ್ಲ ಬಿಟ್ಟು ಇವಳ ಮೇಲೆ ಹಾಯ್ದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಎಲ್ಲ ಸರಿಮಾಡಿ, ಕೊನೆಯ ಬಾರಿ ಕಣ್ಣಾಡಿಸಲೆಂದು ಪಟ್ಟಿಯ ಎರಡು ಪ್ರತಿ ಅಚ್ಚು ತೆಗೆದಾಗ ನಾಲ್ಕು ಗಂಟೆ. ಅಷ್ಟರಲ್ಲಿ ಮಾಲಿ ಎರಡು ಕುಂಡ ಹೊತ್ತು ಒಳಗೆ ಬಂದ. ನಿವೃತ್ತಿಯಾಗಿ ಮೂರು ವರ್ಷವಾದರೂ ದಿನಗೂಲಿಯ ಮೇಲೆ ಬರುತ್ತಿದ್ದ, ಗಿಡಗಳು ಬೇರೆಯವರ ಮಾತು ಕೇಳುವುದಿಲ್ಲವೆಂಬ ನೆಪ ಹೇಳಿ. ಕುಂಡಗಳನ್ನು ಕಿಟಕಿಯ ಬಳಿ ಇಳಿಸಿ, ಕೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಮೇಜಿನ ಹತ್ತಿರ ನಿಂತ.

"ಪಟ್ಟಿ ಆಯ್ತೇನಮ್ಮಾ? ನಾವಿಬ್ರೂ ಎಲ್ಲಿ ಕೂತಿದೀವಿ ಈ ಸಲ?"

ಅವನಿಗೆ ಇಂಗ್ಲಿಷ್ ಓದಲು ಬಾರದು. ಈ ಹದಿನಾರು ವರ್ಷದಲ್ಲಿ ಅವಳು ಆ ಟಿಪ್ಪಣಿಯನ್ನು ನಾಲ್ಕು ಲೇಖನಗಳ ಪಟ್ಟಿಗೆ ಸೇರಿಸಿದ್ದಳು. ನಾಲ್ಕು ಸಲವೂ ಅವಳು ಬೆರಳಿಟ್ಟು ತೋರಿಸಿದ್ದಳು, ಅವನು ಬಗ್ಗಿ ನೋಡಿ "ಇನ್ನೂ ಇದೀವಲ್ಲ ಬಿಡಿ," ಎಂದು ಹೋಗಿದ್ದ. ಇದು ಇರುವೆ ಮತ್ತು ಚಿಟ್ಟೆಯ ಲೇಖನವೆಂದು ಅವನಿಗೆ ಗೊತ್ತು. ಇದಕ್ಕೆ ಬೇಕಾದ ಗಿಡಗಳನ್ನೆಲ್ಲ ಬೆಳೆಸಿಕೊಟ್ಟವನು ಅವನೇ.

"ಇಲ್ಲ ಅಣ್ಣಾ" ಎಂದುಬಿಡೋಣವೆನಿಸಿತು ಅವಳಿಗೆ.

"ಇಲ್ಲಿ," ಎಂದು ಒಂಬತ್ತರ ಮೇಲೆ ಬೆರಳಿಟ್ಟಳು. ಅಲ್ಲಿ ಈಗ ಯಾವುದೋ ದೇಶದ, ಅವಳೆಂದೂ ಮುಖ ನೋಡದ ಇಬ್ಬರ ಹೆಸರಿತ್ತು.

ಮಾಲಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಮುಖದ ತುಂಬ ನಗು ಹರಡಿತು.

"ದೊಡ್ಡ ಪತ್ರಿಕೆಯಂತಲ್ಲ ಇದು. ಆ ಹುಡುಗಿ ಹೇಳ್ತಿದ್ಲು, ಪ್ರಪಂಚ ಎಲ್ಲಾ ಓದ್ತಾರಂತೆ."

"ಹೂಂ ಅಣ್ಣಾ."

"ಎರಡು ಹಾಳೆ ಇದೆಯಲ್ಲಮ್ಮಾ, ನನಗೊಂದು ಕೊಡ್ತೀರಾ? ಮೊಮ್ಮಗಳು ಈಗ ಇಂಗ್ಲಿಷ್ ಪಟಪಟ ಅಂತ ಓದ್ತಾಳೆ. ತಾತ ಬರೀ ಮಣ್ಣು ಹೊರ್ತಾನೆ ಅನ್ಕೊಂಡಿದಾಳೆ ಕಳ್ಳಿ. ಅವಳ ಬಾಯಿಂದಲೇ ಓದಿಸ್ತೀನಿ."

ಅವಳು ಹಾಳೆಯ ಮೇಲೆ ಕೈಯೂರಿದಳು. "ಅದರಲ್ಲಿ ತಪ್ಪುಗಳಿವೆ, ನಾಳೆ ಕೊಡ್ತೀನಿ," ಎಂದಳು, ಸಣ್ಣ ದನಿಯಲ್ಲಿ.

"ನಮ್ಮ ಹೆಸರು ಸರಿಯಾಗಿದೆ ತಾನೆ? ಅಷ್ಟ್ ಸಾಕು ಬಿಡಿ ನನಗೆ," ಎಂದು ಅವನು ಒಂದು ಪ್ರತಿಯನ್ನು ಮೆಲ್ಲಗೆ ಎಳೆದುಕೊಂಡ. ಅವಳ ಕೈ ಅದನ್ನು ಹಿಡಿದು ನಿಲ್ಲಿಸಲಿಲ್ಲ.

ಒಳಕೋಣೆಯಿಂದ ಪ್ರೊಫೆಸರು, "ಕಳಿಸಿದ್ರಾ?" ಎಂದು ಕೂಗಿದರು. "ಕಳಿಸ್ತಿದೀನಿ ಸರ್," ಎಂದು ಅವಳು ಗುಂಡಿ ಒತ್ತಿದಳು. ಲೇಖನ ಹೋಯಿತು.

ಕಿಟಕಿಯ ಹೊರಗೆ, ಅಂಗಳದ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಮಾಲಿ ಹಾಳೆಯನ್ನು ಹರವಿಕೊಂಡಿದ್ದ. ಮೇಲಿನಿಂದ ಬೆರಳಿಟ್ಟು ಒಂಬತ್ತರವರೆಗೆ ಎಣಿಸಿದ. ಕುಂಡಗಳಿಗೆ ಗುರುತು ಬರೆಯುವ ಸೀಸದ ಕಡ್ಡಿಯನ್ನು ಕಿವಿಯ ಮೇಲಿಂದ ತೆಗೆದು, ಮೊಮ್ಮಗಳು ಹುಡುಕಿ ತಡಕಾಡಬಾರದೆಂದು, ಆ ಸಾಲಿನ ಕೆಳಗೆ ಉದ್ದಕ್ಕೂ ನೇರವಾಗಿ ಒಂದು ಗೆರೆ ಎಳೆದ.